ಊರ ಕೆರೆಯನ್ನು ಅಳೆದು ಬರೆಯುವ ಬಗೆ: ಕೋಲಾರ ಸೀಮೆಯ ಜೈವಿಕ, ಅಜೈವಿಕ ಘಟಕಗಳ ಸಮಗ್ರ ಮಾರ್ಗದರ್ಶಿ

ಗಿಡಮರ, ಪ್ರಾಣಿಪಕ್ಷಿ, ಸೂಕ್ಷ್ಮಜೀವಿಗಳು ಜೈವಿಕ ಘಟಕಗಳು. ಮಣ್ಣು, ನೀರು, ಗಾಳಿ, ಬಿಸಿಲು, ಶಾಖ ಅಜೈವಿಕ ಘಟಕಗಳು. ನೋಟ್‌ಬುಕ್ಕಿನ ನಡುವೆ ಗೆರೆ ಎಳೆದು ಈ ಎರಡು ಪಟ್ಟಿ ಬರೆದರೆ ಪರೀಕ್ಷೆಗೆ ಸಾಕು, ಪರಿಸರ ಅರ್ಥವಾಗುವುದಕ್ಕೆ ಸಾಲದು. ಆ ಗೆರೆಯ ಆಚೀಚೆ ಹಗಲೂ ರಾತ್ರಿ ನಡೆಯುವ ಕೊಡುಕೊಳ್ಳುವಿಕೆಯನ್ನು ಹಿಡಿಯಬೇಕು. ಅದನ್ನು ಕಣ್ಣಾರೆ ಕಂಡು ಅಳೆಯಲು ನಮ್ಮ ಬಯಲುಸೀಮೆಯಲ್ಲಿ ಊರ ಕೆರೆಗಿಂತ ಒಳ್ಳೆಯ ಜಾಗ ಇಲ್ಲ.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಮಳೆ ವರ್ಷಕ್ಕೆ ಸುಮಾರು 700ರಿಂದ 750 ಮಿ.ಮೀ., ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಾಗಾಗಿಯೇ ಹಿಂದಿನವರು ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಚಿತ್ತೆ, ಸ್ವಾತಿ ಮಳೆಗೆ ತುಂಬಿ ಮೀನಾಡುವ ಅದೇ ಅಂಗಳದಲ್ಲಿ ಏಪ್ರಿಲ್ ಹೊತ್ತಿಗೆ ನೆಲ ಬಿರಿದು ಕುರಿ ಮೇಯುತ್ತಿರುತ್ತವೆ. ನೀರೆಂಬ ಒಂದೇ ಅಜೈವಿಕ ಘಟಕ ಬಂದುಹೋಗುವುದರಿಂದ ಜೀವಿಗಳ ಇಡೀ ಸಂಸಾರ ಬದಲಾಗುವುದನ್ನು ಒಂದೇ ವರ್ಷದಲ್ಲಿ ನೋಡಬಹುದು.

ಹೈಸ್ಕೂಲು ಮತ್ತು ಪಿಯುಸಿ ಶಿಕ್ಷಕರು, ವಿದ್ಯಾರ್ಥಿಗಳು, ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯವರು ಈ ಕೆಲಸ ಮಾಡಬಹುದು. ಐದಾರು ಜನ ಸಾಕು. ವರ್ಷಕ್ಕೆ ನಾಲ್ಕು ಸಲ ಹೋಗಬೇಕು: ಏಪ್ರಿಲ್ ಕೊನೆ, ಜುಲೈ, ನವೆಂಬರ್ ಮೊದಲ ವಾರ, ಜನವರಿ. ಒಂದೇ ಸಲ ನೋಡಿ ಬರೆದದ್ದು ಆ ದಿನದ ಸುದ್ದಿ ಹೇಳುತ್ತದೆ, ಕೆರೆಯ ಸುದ್ದಿ ಹೇಳುವುದಿಲ್ಲ.

ಬೇಕಾಗುವ ಸಾಮಾನು

- 50 ಮೀಟರ್ ಹಗ್ಗ, 5 ಮೀಟರಿಗೊಂದು ಗಂಟು ಹಾಕಿದ್ದು
- 1 ಮೀಟರ್ ಚೌಕದ ಪೈಪಿನ ಚೌಕಟ್ಟು. ನಾಲ್ಕು ಕೋಲು, ದಾರವಾದರೂ ನಡೆಯುತ್ತದೆ
- ಥರ್ಮಾಮೀಟರ್, ಪಿಎಚ್ ಪಟ್ಟಿ (ನೀರು ಆಮ್ಲವೋ ಕ್ಷಾರವೋ ತೋರಿಸುವುದು), ಟಿಡಿಎಸ್ ಮೀಟರ್ (ಕರಗಿದ ಲವಣ ಅಳೆಯುವುದು)
- ಕರಗಿದ ಆಮ್ಲಜನಕ ನೋಡುವ ಕಿಟ್, ಮೀನು ಸಾಕುವವರು ಬಳಸುವಂಥದ್ದು
- 20 ಸೆಂ.ಮೀ. ಅಗಲದ ಉಕ್ಕಿನ ತಟ್ಟೆ, ಕಪ್ಪು ಬಿಳಿ ಬಣ್ಣ, ಗುರುತು ಹಾಕಿದ ದಾರ
- ನೇರ ಗೋಡೆಯ ಗಾಜಿನ ಬಾಟಲಿಗಳು, ಬಿಳಿ ಟ್ರೇ, ಟೀ ಸೋಸುವ ಜಾಲರಿ, ಭೂತಗನ್ನಡಿ
- ಎರಡೂ ಬದಿ ತೆರೆದ 15 ಸೆಂ.ಮೀ. ಅಗಲದ ತಗಡಿನ ಡಬ್ಬ
- ಪೆನ್ಸಿಲ್. ಪೆನ್ನಿನ ಬರಹ ನೀರು ತಾಗಿದರೆ ಹೋಗುತ್ತದೆ

ಇಳಿಯುವ ಮೊದಲೇ ಒಂದು ಮಾತು. ಮಣ್ಣು ತೆಗೆದ ಅಂಗಳಗಳಲ್ಲಿ ಆಳದ ಗುಂಡಿಗಳಿರುತ್ತವೆ, ನೀರು ನಿಂತ ಮೇಲೆ ಅವು ಕಾಣುವುದಿಲ್ಲ. ಹಾಗಾಗಿ ಮೊಣಕಾಲಿಗಿಂತ ಮೇಲಿನ ನೀರಿಗೆ ಯಾರೂ ಇಳಿಯಬಾರದು, ಈಜು ಬರುವವರೂ ಸಹ. ಆಳದ ನೀರು ಬೇಕಿದ್ದರೆ, ಗದ್ದೆಗೆ ನೀರು ಬಿಡುವ ತೂಬಿನ ಕಟ್ಟೆಯ ಮೇಲಿಂದ ಹಗ್ಗ ಕಟ್ಟಿದ ಬಾಟಲಿ ಇಳಿಬಿಡಿ.

ಮೊದಲ ಹೆಜ್ಜೆ: ಐದು ಜಾಗ ಗುರುತಿಸಿ

ಕೆರೆಯನ್ನು ಒಂದೇ ಜಾಗವೆಂದು ಎಣಿಸಬೇಡಿ. ರಾಜಕಾಲುವೆ ಕೆರೆಗೆ ಸೇರುವ ಬಾಯಿ, ಮೇಲಿನ ಅಂಗಳ, ನೀರಿನ ಅಂಚು, ಏರಿಯ ಒಳಬದಿಯಲ್ಲಿ ತೂಬಿನ ಹತ್ತಿರ, ಏರಿಯ ಕೆಳಗೆ ಅಚ್ಚುಕಟ್ಟಿನ ಗದ್ದೆ, ಈ ಐದು ಕಡೆ ಕಲ್ಲು ನೆಟ್ಟು ಸುಣ್ಣ ಬಳಿದು ಅಂಕೆ ಹಾಕಿ. ನೀರಿನ ಅಂಚು ಸರಿಯುತ್ತಿರುತ್ತದೆ. ಅಲ್ಲಿಗೆ ಕಲ್ಲಿನ ಬದಲು, ಹತ್ತಿರದ ಸ್ಥಿರ ಗುರುತಿನಿಂದ ಎಷ್ಟು ಮೀಟರ್ ದೂರವಿತ್ತು ಎಂದು ಪ್ರತಿ ಸಲವೂ ಬರೆಯಿರಿ. ಆ ದೂರವೇ ಒಂದು ಒಳ್ಳೆಯ ಅಳತೆ.

ಕೆರೆ ನೀರು ಹಂಚುವ ನೀರುಗಂಟಿ ಮನೆತನದ ತಾತಂದಿರು, ಕುರಿ ಕಾಯುವವರು, ಸೊಪ್ಪು ಕೀಳುವ ಅಜ್ಜಿಯರನ್ನು ಅದೇ ದಿನ ಮಾತಾಡಿಸಿ. ಕೋಡಿ ಕೊನೆಗೆ ಬಿದ್ದದ್ದು ಯಾವ ವರ್ಷ, ಹಿಂದೆ ಯಾವ ಮೀನು ಸಿಗುತ್ತಿತ್ತು, ಹೊನಗೊನ್ನೆ ಸೊಪ್ಪು ಎಲ್ಲಿ ಬೆಳೆಯುತ್ತಿತ್ತು ಎಂದು ಕೇಳಿ. ಅವರು ಹೇಳಿದ್ದನ್ನು ಅಳತೆಗಳ ಜೊತೆ ಬೆರೆಸದೆ ಬೇರೆ ಪುಟದಲ್ಲಿ ಅವರ ಮಾತಿನಲ್ಲೇ ಬರೆಯಿರಿ.

ಎರಡನೇ ಹೆಜ್ಜೆ: ಮಣ್ಣು

ಐದೂ ಕಡೆಯಿಂದ 10 ಸೆಂ.ಮೀ. ಆಳದ ಮಣ್ಣು ತನ್ನಿ. ಕಲ್ಲು, ಬೇರು ಆರಿಸಿ, ಹೆಂಟೆ ಪುಡಿ ಮಾಡಿ, ಗಾಜಿನ ಬಾಟಲಿಯ ಮೂರನೇ ಒಂದು ಭಾಗಕ್ಕೆ ತುಂಬಿ. ಮೇಲೆ ನೀರು, ಅರ್ಧ ಚಮಚ ಬಟ್ಟೆ ಒಗೆಯುವ ಪುಡಿ ಹಾಕಿ ಐದು ನಿಮಿಷ ಚೆನ್ನಾಗಿ ಕುಲುಕಿ ಅಲುಗದಂತೆ ಇಡಿ. ಒಂದು ನಿಮಿಷಕ್ಕೆ ಕೆಳಗೆ ಕೂತದ್ದು ಮರಳು, ಗೆರೆ ಹಾಕಿ. ಎರಡು ಗಂಟೆಗೆ ಅದರ ಮೇಲೆ ಕೂತದ್ದು ಗೋಡು ಮಣ್ಣು, ಇನ್ನೊಂದು ಗೆರೆ. ಜೇಡಿ ಕೂರಲು ಒಂದೆರಡು ದಿನ ಬೇಕು. ಒಟ್ಟು ಎತ್ತರ 10 ಸೆಂ.ಮೀ. ಇದ್ದು ಮರಳು 4, ಗೋಡು 2.5, ಜೇಡಿ 3.5 ಬಂದರೆ ಅದೇ ಶೇಕಡಾ 40, 25, 35. ಒಗೆಯುವ ಪುಡಿ ಹಾಕದಿದ್ದರೆ ಜೇಡಿಯ ಕಣಗಳು ಗುಂಪಾಗಿ ಅಂಟಿಕೊಂಡು ಬೇಗ ಕೂರುತ್ತವೆ, ಗೋಡಿನ ಲೆಕ್ಕಕ್ಕೆ ಸೇರಿ ಅಂಕೆ ತಪ್ಪುತ್ತದೆ.

ಬಾಟಲಿಗಳನ್ನು ಸಾಲಾಗಿ ಇಟ್ಟು ನೋಡಿ. ಕಾಲುವೆ ಬಾಯಿಯದರಲ್ಲಿ ಮರಳು ಹೆಚ್ಚು, ತೂಬಿನ ಬಳಿಯದರಲ್ಲಿ ಜೇಡಿ ಹೆಚ್ಚು ಇರುವುದು ಸಾಮಾನ್ಯ. ಹರಿದು ಬಂದ ನೀರು ಕೆರೆ ಸೇರಿದ ಕೂಡಲೇ ವೇಗ ಕಳೆದುಕೊಂಡು ಭಾರದ ಮರಳನ್ನು ಅಲ್ಲೇ ಬಿಡುತ್ತದೆ, ನುಣ್ಣನೆಯ ಜೇಡಿಯನ್ನು ಏರಿಯವರೆಗೂ ಒಯ್ಯುತ್ತದೆ. ಕೆರೆಗೋಡನ್ನು ಹೊಲಕ್ಕೆ ಹೊಡೆಸುವ ರೈತರು ಏರಿ ಹತ್ತಿರದ ಮಣ್ಣನ್ನೇ ಕೇಳುವುದು ಇದಕ್ಕೇ. ತೇವವನ್ನೂ ಸಾರವನ್ನೂ ಹಿಡಿದಿಡುವುದು ಆ ನುಣ್ಣನೆಯ ಭಾಗ.

ನೀರು ಇಂಗುವ ವೇಗ ನೋಡಲು ತಗಡಿನ ಡಬ್ಬವನ್ನು 5 ಸೆಂ.ಮೀ. ನೆಲಕ್ಕೆ ತಿರುಗಿಸಿ ಒತ್ತಿ, 10 ಸೆಂ.ಮೀ. ನೀರು ಹಾಕಿ, ಎಷ್ಟು ನಿಮಿಷಕ್ಕೆ ಇಳಿಯಿತು ಎಂದು ಬರೆಯಿರಿ. ಒಣಗಿದ ಮಣ್ಣು ಮೊದಲ ನೀರನ್ನು ಗಬಕ್ಕನೆ ಕುಡಿಯುತ್ತದೆ. ಮೂರನೇ ಸಲ ಹಾಕಿದ ನೀರಿನ ಲೆಕ್ಕವೇ ನಂಬಿಕೆಗೆ ಅರ್ಹ. ಬಿರುಕಿನ ಮೇಲೆ ಡಬ್ಬ ಇಟ್ಟರೆ ನೀರು ಬಿರುಕಿನೊಳಗೆ ಜಾರಿಹೋಗುತ್ತದೆ, ಅದು ಇಂಗಿದ ಲೆಕ್ಕವಲ್ಲ.

ಮೂರನೇ ಹೆಜ್ಜೆ: ನೀರು, ಶಾಖ, ಬೆಳಕು, ಮಳೆ

ಗಾಳಿಯ ಶಾಖವನ್ನು ನೆರಳಿನಲ್ಲಿ, ಎದೆಯೆತ್ತರದಲ್ಲಿ ನೋಡಿ. ನೀರಿನದಾದರೆ ಥರ್ಮಾಮೀಟರಿನ ಬುಡ ನೀರಿನಲ್ಲಿರುವಾಗಲೇ ಓದಬೇಕು. ಹೊರಗೆ ತೆಗೆದು ಓದುವಷ್ಟರಲ್ಲಿ ಬುಡದ ತೇವ ಆರಿ ಅಂಕೆ ಇಳಿದಿರುತ್ತದೆ.

ಬೆಳಕು ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ತಿಳಿಯಲು ಕಪ್ಪು ಬಿಳಿ ತಟ್ಟೆಯನ್ನು ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ ತೂಬಿನ ನೆರಳಿನ ಬದಿಯಲ್ಲಿ ಇಳಿಸಿ. ಮರೆಯಾದ ಆಳ, ಎತ್ತುವಾಗ ಮತ್ತೆ ಕಂಡ ಆಳ, ಎರಡರ ಸರಾಸರಿ ಬರೆಯಿರಿ. ನೀರಿನ ಬಣ್ಣವನ್ನೂ ಬರೆಯಬೇಕು. ಕೆಂಚಾಗಿದ್ದರೆ ಹೊಲದ ಮಣ್ಣು ಕೊಚ್ಚಿ ಬಂದಿದೆ, ಹಸಿರಾಗಿದ್ದರೆ ಪಾಚಿ ಬೆಳೆದಿದೆ. ಎರಡೂ ಒಂದೇ ಆಳ ತೋರಿಸಬಹುದು. ಆದರೆ ಒಂದು ಅಜೈವಿಕ ಕಾರಣ, ಇನ್ನೊಂದು ಜೈವಿಕ ಕಾರಣ.

ಕರಗಿದ ಆಮ್ಲಜನಕದ ಅಳತೆಯಲ್ಲಿ ಆಗುವಷ್ಟು ತಪ್ಪು ಬೇರೆ ಯಾವುದರಲ್ಲೂ ಆಗುವುದಿಲ್ಲ, ಅದರಷ್ಟು ಕಲಿಸುವ ಅಳತೆಯೂ ಇನ್ನೊಂದಿಲ್ಲ. ಬಾಟಲಿಯನ್ನು ನೀರೊಳಗೇ ಓರೆಯಾಗಿ ತುಂಬಿ, ಗುಳ್ಳೆ ಉಳಿಯದಂತೆ ನೀರಲ್ಲೇ ಮುಚ್ಚಳ ಹಾಕಿ. ಒಂದು ಗುಳ್ಳೆ ಉಳಿದರೂ ಗಾಳಿಯ ಆಮ್ಲಜನಕ ಸೇರಿ ಅಂಕೆ ಏರುತ್ತದೆ. ಕಿಟ್ಟಿನ ಮೊದಲ ಎರಡು ದ್ರಾವಣಗಳನ್ನು ಕೆರೆ ದಂಡೆಯಲ್ಲೇ ಹಾಕಬೇಕು, ಶಾಲೆಗೆ ಒಯ್ದು ಹಾಕಿದರೆ ದಾರಿಯಲ್ಲೇ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಬಳಸಿಬಿಟ್ಟಿರುತ್ತವೆ. ದ್ರಾವಣ ಬಿದ್ದ ಕೂಡಲೇ ಕಂದು ಮೋಡದಂತೆ ಗಸಿ ಕಟ್ಟಿ ನಿಧಾನಕ್ಕೆ ಇಳಿದರೆ ಆಮ್ಲಜನಕ ಇದೆ. ಗಸಿ ಬೆಳ್ಳಗೇ ಉಳಿದರೆ ಇಲ್ಲವೆಂದೇ ಅರ್ಥ.

ಇದನ್ನು ಒಂದೇ ದಿನ ಎರಡು ಸಲ ಮಾಡಿ: ಸೂರ್ಯ ಹುಟ್ಟುವ ಮೊದಲು ಮತ್ತು ಮಧ್ಯಾಹ್ನ ಮೂರಕ್ಕೆ. 25 ಡಿಗ್ರಿ ಶಾಖದಲ್ಲಿ, ಕೋಲಾರದ ಎತ್ತರದಲ್ಲಿ, ನೀರು ಗಾಳಿಯಿಂದ ತಾನಾಗಿ ಹಿಡಿದಿಟ್ಟುಕೊಳ್ಳುವುದು ಲೀಟರಿಗೆ ಸುಮಾರು 7.5 ಮಿಲಿಗ್ರಾಂ. ಪಾಚಿ ದಟ್ಟವಾಗಿದ್ದರೆ ಮಧ್ಯಾಹ್ನ ಅದನ್ನೂ ಮೀರುತ್ತದೆ, ನಸುಕಿಗೆ 2ಕ್ಕೂ ಇಳಿಯಬಹುದು. ಹಗಲು ಆಮ್ಲಜನಕ ಕೊಟ್ಟ ಪಾಚಿಯೇ ರಾತ್ರಿ ಮೀನಿನ ಜೊತೆ ಅದನ್ನು ಉಸಿರಾಡಿ ಖರ್ಚು ಮಾಡುತ್ತದೆ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಡಿಯುವುದು, ಮೋಡ ಮುಚ್ಚಿದ ದಿನದ ಮರುದಿನ ಸತ್ತು ತೇಲುವುದು ಹೆಚ್ಚಾಗಿ ಈ ಕಾರಣಕ್ಕೆ. ಯಾರೋ ವಿಷ ಹಾಕಿದರು ಎಂದು ಊರಲ್ಲಿ ಜಗಳವಾಗುವ ಮೊದಲು ನಸುಕಿನ ಅಳತೆ ನೋಡಿ. ಮಧ್ಯಾಹ್ನ ಮಾತ್ರ ಅಳೆದವರಿಗೆ ಕೆರೆ ಆರೋಗ್ಯವಾಗಿಯೇ ಕಾಣುತ್ತದೆ.

ಪಿಎಚ್ ಕೂಡ ಹೀಗೇ. ಪಾಚಿ ಹಗಲು ಇಂಗಾಲದ ಡೈಆಕ್ಸೈಡ್ ಹೀರುವುದರಿಂದ ಮಧ್ಯಾಹ್ನ 9 ದಾಟಬಹುದು, ಬೆಳಗ್ಗೆ 7.5ರ ಆಸುಪಾಸು ಇರಬಹುದು. ಹೊತ್ತು ಬರೆಯದ ಪಿಎಚ್ ಅಂಕೆಯಿಂದ ಉಪಯೋಗವಿಲ್ಲ.

ಟಿಡಿಎಸ್ ಮೀಟರ್ ಒಟ್ಟು ಲವಣ ತೋರಿಸುತ್ತದೆ, ಫ್ಲೋರೈಡ್ ತೋರಿಸುವುದಿಲ್ಲ. ನಮ್ಮ ಜಿಲ್ಲೆಗಳ ಫ್ಲೋರೈಡ್ ಮುಖ್ಯವಾಗಿ ಕಲ್ಲಿನ ಪದರದಿಂದ ಬರುವಂಥದ್ದು, ಆಳದ ಬೋರ್‌ವೆಲ್ ನೀರಿನ ಸಮಸ್ಯೆ. ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ. ಅದನ್ನು ಪ್ರಯೋಗಾಲಯದಲ್ಲೇ ನೋಡಿಸಬೇಕು.

ಮಳೆಗೆ, ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕೊಯ್ದು ಅದನ್ನೇ ತಲೆಕೆಳಗಾಗಿ ಕೂರಿಸಿ. ತಳ ಉಬ್ಬುತಗ್ಗಾಗಿರುವುದರಿಂದ ಸಮ ಗೋಡೆ ಶುರುವಾಗುವ ಮಟ್ಟಕ್ಕೆ ಮೊದಲೇ ನೀರು ತುಂಬಿ, ಅಲ್ಲಿಂದ ಮಿ.ಮೀ. ಎಣಿಸಿ. ದಿನಾ ಬೆಳಗ್ಗೆ 8.30ಕ್ಕೆ ಓದಿ. 1 ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರಿಗೆ 1 ಲೀಟರ್. ಆವಿಗೂ ಅದೇ ಲೆಕ್ಕ: ಒಂದು ಹೆಕ್ಟೇರ್ ನೀರಿನ ಮೇಲಿಂದ ದಿನಕ್ಕೆ 5 ಮಿ.ಮೀ. ಆರಿದರೆ 50,000 ಲೀಟರ್ ಹೋಯಿತು.

ನಾಲ್ಕನೇ ಹೆಜ್ಜೆ: ಜೀವಿಗಳು

ಮೇಲಿನ ಅಂಗಳದಿಂದ ನೀರಿನ ಅಂಚಿನವರೆಗೆ ಹಗ್ಗ ಎಳೆದು, ಗಂಟು ಗಂಟಿಗೂ ಚೌಕಟ್ಟು ಇಟ್ಟು, ಒಳಗೆ ಯಾವ ಗಿಡ ಎಷ್ಟು ಭಾಗ ನೆಲ ಮುಚ್ಚಿದೆ ಎಂದು ಶೇಕಡಾ ಬರೆಯಿರಿ. ಕೀಳಬೇಡಿ, ಫೋಟೊ ಸಾಕು. ಚೆನ್ನಾಗಿ ಗಿಡ ಇರುವ ಕಡೆ ಚೌಕಟ್ಟು ಇಡುವ ಆಸೆ ಎಲ್ಲರಿಗೂ ಆಗುತ್ತದೆ. ಗಂಟು ಎಲ್ಲಿ ಬಿತ್ತೋ ಅಲ್ಲೇ ಇಡಬೇಕು, ಬರಿ ನೆಲವಾದರೂ ಸರಿ. ಜೊಂಡು, ಗರಿಕೆ, ಹೊನಗೊನ್ನೆ, ಒಂದೆಲಗ, ಪಾರ್ಥೇನಿಯಂ, ಬಳ್ಳಾರಿ ಜಾಲಿ ಇವೆಲ್ಲ ಎದುರಾಗುತ್ತವೆ. ಊರ ಹೆಸರು ಗೊತ್ತಿದ್ದರೆ ಅದನ್ನೇ ಬರೆಯಿರಿ.

ಹಕ್ಕಿಗಳನ್ನು ಬೆಳಗ್ಗೆ ಆರೂವರೆಯಿಂದ ಎಂಟೂವರೆಯೊಳಗೆ, ಒಂದೊಂದು ಜಾಗದಲ್ಲಿ ಹದಿನೈದು ನಿಮಿಷ ಕೂತು ಎಣಿಸಿ. ಗುಳುಮುಳುಕ, ನಾಮದ ಕೋಳಿ, ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿ ಸುಲಭಕ್ಕೆ ಸಿಗುತ್ತವೆ. ಟಿಟ್ಟಿಭ ಕೂಗುತ್ತಾ ತಲೆಯ ಮೇಲೆ ಸುತ್ತಿದರೆ ನಿಂತಲ್ಲೇ ನಿಲ್ಲಿ. ಅದು ಬರಿ ನೆಲದ ಮೇಲೆ ಕಲ್ಲಿನ ಬಣ್ಣದ ಮೊಟ್ಟೆ ಇಡುತ್ತದೆ, ಕಾಲಡಿಯೇ ಇರಬಹುದು. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಅವುಗಳ ಮರಿಗಳ ಹೊಟ್ಟೆ ತುಂಬುವುದು ಸುತ್ತಲಿನ ಕೆರೆಗಳ ಮೀನಿನಿಂದ. ಹೀಗಾಗಿ ಕೆರೆಯ ಹಕ್ಕಿ ಲೆಕ್ಕಕ್ಕೆ ಹತ್ತಿರದ ಹಳೆಯ ಮರಗಳೂ ಸೇರಬೇಕು.

ನೀರಿನ ಅಂಚಿನ ಕೆಸರನ್ನು ಜಾಲರಿಯಲ್ಲಿ ತೊಳೆದು ಬಿಳಿ ಟ್ರೇಗೆ ಹಾಕಿ ಎರಡು ನಿಮಿಷ ಸುಮ್ಮನಿರಿ. ಕಸವೆಂದು ಕಂಡದ್ದು ನಡೆಯಲು ಶುರುಮಾಡುತ್ತದೆ. ಬಾಲದಲ್ಲಿ ಮೂರು ಎಳೆಯಿರುವ ಮೇಫ್ಲೈ ಎಂಬ ಕೀಟದ ಮರಿಗಳು ಸಿಕ್ಕರೆ ಆಮ್ಲಜನಕ ಚೆನ್ನಾಗಿದೆ. ಬರೀ ಕೆಂಪು ದಾರದ ತುಂಡಿನಂಥ ಹುಳುಗಳೇ ತುಂಬಿದ್ದರೆ ಕಡಿಮೆಯಿದೆ. ಆ ಕೆಂಪು ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್‌ನದು. ಇದ್ದಷ್ಟು ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಬದುಕಲು ಅವುಗಳಿಗಿರುವ ಉಪಾಯ ಅದು.

ಒಣ ಮಣ್ಣು ಎಚ್ಚರಗೊಳ್ಳುವುದು

ಏಪ್ರಿಲ್‌ನ ಒಣ ಅಂಗಳದ ಮಣ್ಣನ್ನು ಎಲ್ಲರೂ ಅಜೈವಿಕ ಪಟ್ಟಿಗೆ ಹಾಕುತ್ತಾರೆ. ಹಾಕುವ ಮೊದಲು ಈ ಪ್ರಯೋಗ ಮಾಡಿ, ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಮಾಡಲು ಸಮಯವಿದ್ದರೆ ಇದನ್ನೇ ಮಾಡಿ.

ಹಿಂದಿನ ಮಳೆಗಾಲದಲ್ಲಿ ನೀರು ನಿಂತಿದ್ದ ಕಡೆಯಿಂದ ಮೇಲ್ಪದರದ 3 ಸೆಂ.ಮೀ. ಮಣ್ಣನ್ನು 400 ಗ್ರಾಂ ತನ್ನಿ. ಎರಡು ಪಾಲು ಮಾಡಿ. ಒಂದನ್ನು ಹಾಗೇ ಬಿಡಿ, ಇನ್ನೊಂದನ್ನು ಹಳೆಯ ಬಾಣಲೆಯಲ್ಲಿ ಅರ್ಧ ಗಂಟೆ ಚೆನ್ನಾಗಿ ಹುರಿದು ಆರಿಸಿ. ಎರಡು ಅಗಲ ಪಾತ್ರೆಗಳಲ್ಲಿ ತಲಾ 3 ಲೀಟರ್ ಮಳೆನೀರು ಹಾಕಿ. ನಲ್ಲಿ ನೀರಾದರೆ ಎರಡು ದಿನ ತೆರೆದಿಟ್ಟು ಕ್ಲೋರಿನ್ ಹೋಗಲು ಬಿಡಿ, ಇಲ್ಲವಾದರೆ ಏನೂ ಹುಟ್ಟದಿರಬಹುದು. ಒಂದರಲ್ಲಿ ಹುರಿಯದ ಹಸಿ ಮಣ್ಣು, ಇನ್ನೊಂದರಲ್ಲಿ ಹುರಿದ ಮಣ್ಣು. ಎರಡರ ಬಾಯಿಗೂ ಸೊಳ್ಳೆಪರದೆ ಬಟ್ಟೆ ಬಿಗಿದು ಬೆಳಕಿರುವ ನೆರಳಲ್ಲಿ ಇಡಿ. ಬಟ್ಟೆ ಕಟ್ಟದಿದ್ದರೆ ಸೊಳ್ಳೆ ಮೊಟ್ಟೆಯಿಟ್ಟು, ಹೊರಗಿನಿಂದ ಬಂದದ್ದು ಯಾವುದು, ಮಣ್ಣಿನಿಂದ ಎದ್ದದ್ದು ಯಾವುದು ತಿಳಿಯದಂತಾಗುತ್ತದೆ.

ಮೂರನೇ ದಿನದಿಂದ ಸಂಜೆ ಕತ್ತಲಲ್ಲಿ ಮೊಬೈಲ್ ಟಾರ್ಚನ್ನು ಪಾತ್ರೆಯ ಪಕ್ಕದಿಂದ ಹಿಡಿದು ನೋಡಿ. ಹಸಿ ಮಣ್ಣಿನ ಪಾತ್ರೆಯಲ್ಲಿ ಬಿಳಿ ಚುಕ್ಕೆಗಳು ಕುಪ್ಪಳಿಸುತ್ತಾ ಬೆಳಕಿನ ಕಡೆ ಬರತೊಡಗುತ್ತವೆ, ಅವು ನೀರುಚಿಗಟಗಳು. ಎರಡನೇ ವಾರಕ್ಕೆ ಸಾಸಿವೆಗಿಂತ ಚಿಕ್ಕ ಚಿಪ್ಪಿನ ಜೀವಿಗಳು ತಳದಲ್ಲಿ ಉರುಳಾಡುತ್ತವೆ, ಗೋಡೆಗೆ ಹಸಿರು ಹತ್ತುತ್ತದೆ. ಹುರಿದ ಮಣ್ಣಿನ ನೀರು ಖಾಲಿಯಾಗಿಯೇ ಇರುತ್ತದೆ, ಬಹಳ ತಡವಾಗಿ ಒಂದಿಷ್ಟು ಪಾಚಿ ಬರಬಹುದು. ಬಿರಿದ ನೆಲದಲ್ಲಿ ತಿಂಗಳುಗಟ್ಟಲೆ ಬಿಸಿಲು ತಿಂದು ಮಲಗಿದ್ದ ಮೊಟ್ಟೆಗಳು ಎದ್ದಿವೆ. ಮೊದಲ ಮಳೆಗೆ ಮೀನುಮರಿಗಳ ಮೊದಲ ತುತ್ತು ಇವೇ. ಅಂಗಳದ ಮೇಲ್ಪದರವನ್ನು ಜೆಸಿಬಿಯಲ್ಲಿ ಒಂದಿಂಚೂ ಬಿಡದೆ ಕೆರೆದು ಸಾಗಿಸಿದರೆ ಹೂಳಿನ ಜೊತೆ ಈ ಗಂಟೂ ಹೋಗುತ್ತದೆ. ಆದ್ದರಿಂದ ಹೂಳು ತೆಗೆಸುವಾಗ ಅಲ್ಲಲ್ಲಿ ಪಟ್ಟಿಗಳಂತೆ ಹಳೆಯ ನೆಲ ಬಿಡಿಸಿ.

ಐದನೇ ಹೆಜ್ಜೆ: ಎಲೆ ಕೊಳೆಸಿ ನೋಡಿ

ಸತ್ತದ್ದನ್ನು ಮತ್ತೆ ಮಣ್ಣಾಗಿಸುವ ಜೀವಿಗಳಲ್ಲಿ ಬಹುಪಾಲು ಕಣ್ಣಿಗೆ ಕಾಣುವುದಿಲ್ಲ, ಅವುಗಳ ಕೆಲಸವನ್ನು ತೂಗಬಹುದು. 2 ಮಿ.ಮೀ. ಕಣ್ಣಿನ ನೈಲಾನ್ ಬಲೆಯ ಚೀಲಗಳಲ್ಲಿ 10 ಗ್ರಾಂ ಒಣಗಿದ ಹೊಂಗೆ ಎಲೆ, ಬೇರೆ ಚೀಲಗಳಲ್ಲಿ 10 ಗ್ರಾಂ ಒಣಗಿದ ನೀಲಗಿರಿ ಎಲೆ ತುಂಬಿ, ತಲಾ ಆರು ಚೀಲಗಳನ್ನು ಏರಿ ಪಕ್ಕ 5 ಸೆಂ.ಮೀ. ಆಳದಲ್ಲಿ ಹೂಳಿ. 30, 60, 90 ದಿನಕ್ಕೆ ಎರಡೆರಡು ತೆಗೆದು, ಮೆತ್ತಿದ ಮಣ್ಣನ್ನು ಮೆಲ್ಲಗೆ ತೊಳೆದು, ಮೂರು ದಿನ ಬಿಸಿಲಲ್ಲಿ ಒಣಗಿಸಿ ತೂಗಿ. ಮಣ್ಣು ತೊಳೆಯದಿದ್ದರೆ ತೂಕ ಇಳಿಯುವ ಬದಲು ಏರಿದಂತೆ ಕಾಣುತ್ತದೆ. ಗೆದ್ದಲು ಹತ್ತಿ ಚೀಲವೇ ಖಾಲಿಯಾದರೆ ಪ್ರಯೋಗ ಕೆಟ್ಟಿತೆಂದು ಎಸೆಯಬೇಡಿ; ಗೆದ್ದಲೂ ಆ ಜಾಗದ ಜೈವಿಕ ಘಟಕವೇ, ಹಾಗೆಂದೇ ಬರೆಯಿರಿ.

ಹೊಂಗೆ ಬೇಗ ಕರಗುತ್ತದೆ. ಅದು ದ್ವಿದಳ ಜಾತಿಯ ಮರ, ಎಲೆಯಲ್ಲಿ ಸಾರಜನಕ ಹೆಚ್ಚು. ಗದ್ದೆಗೆ ಹೊಂಗೆ ಸೊಪ್ಪು ತುಳಿಯುತ್ತಿದ್ದ ಹಳಬರ ಪದ್ಧತಿಯ ಹಿಂದಿರುವುದು ಇದೇ. ನೀಲಗಿರಿ ಎಲೆ ದಪ್ಪ, ಎಣ್ಣೆಯಂಶದ್ದು, ನಿಧಾನಕ್ಕೆ ಕೊಳೆಯುತ್ತದೆ. ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು ನೀರಿನ ಕಾರಣಕ್ಕೆ. ಮಣ್ಣಿನ ಮಾತನ್ನು ಈ ಚೀಲಗಳು ಹೇಳುತ್ತವೆ.

ಆರನೇ ಹೆಜ್ಜೆ: ಬಾಣ ಎಳೆಯುವುದು

ಈಗ ದೊಡ್ಡ ಹಾಳೆಯಲ್ಲಿ ಎಲ್ಲ ಘಟಕಗಳನ್ನೂ ಬರೆದು ಒಂದರಿಂದ ಇನ್ನೊಂದಕ್ಕೆ ಬಾಣ ಎಳೆಯಿರಿ. ನಿಯಮ ಒಂದೇ: ಪ್ರತಿ ಬಾಣದ ಮೇಲೂ ಒಂದು ಕ್ರಿಯಾಪದ ಇರಬೇಕು. ತಿನ್ನುತ್ತದೆ, ನೆರಳು ಮಾಡುತ್ತದೆ, ಕೊಳೆಸುತ್ತದೆ, ಹಿಡಿದಿಡುತ್ತದೆ, ಕಲಕುತ್ತದೆ. ಕ್ರಿಯಾಪದ ಸಿಗದ ಬಾಣವನ್ನು ಅಳಿಸಿ. ಮೇಕೆ ಬಳ್ಳಾರಿ ಜಾಲಿಯ ಕಾಯಿ ತಿನ್ನುತ್ತದೆ, ಹಿಕ್ಕೆಯಲ್ಲಿ ಬೀಜ ಬಿತ್ತುತ್ತದೆ. ಜಾಲಿ ಬೆಳೆದು ಬೆಳಕು ಮರೆಮಾಡುತ್ತದೆ. ಕೆಳಗಿನ ಗರಿಕೆ ಸಾಯುತ್ತದೆ. ಮೇಕೆಗೆ ಮೇವು ಕಡಿಮೆಯಾಗುತ್ತದೆ. ಈ ಸುತ್ತು ನಿಮ್ಮ ಕೆರೆಯಲ್ಲಿ ನಡೆಯುತ್ತಿದೆಯೇ ಎಂಬುದನ್ನು ಹಗ್ಗದ ಮೇಲಿನ ಚೌಕಟ್ಟುಗಳ ಶೇಕಡಾ ತೋರಿಸುತ್ತದೆ.

ಗೊಂದಲದ ಕೆಲವು ವಸ್ತುಗಳಿವೆ. ರಾಗಿ ಕಾಳು, ಹಕ್ಕಿ ಮೊಟ್ಟೆ ಜೀವಂತ, ಸುಪ್ತವಾಗಿದ್ದರೂ ಜೈವಿಕ. ಬಿದ್ದ ಎಲೆ, ಸಗಣಿ, ಬಸವನಹುಳುವಿನ ಖಾಲಿ ಚಿಪ್ಪು ಜೀವಿಗಳಿಂದ ಬಂದವು, ಈಗ ಜೀವವಿಲ್ಲದವು. ಅವನ್ನು ಸಾವಯವ ಅವಶೇಷ ಎಂದು ಮೂರನೇ ಗುಂಪಿಗೆ ಹಾಕಿ. ಆದರೆ ಸಗಣಿಯೊಳಗಿನ ಜೀರುಂಡೆ, ಎಲೆಯ ಮೇಲಿನ ಬೂಸ್ಟು ಜೈವಿಕ. ಹುತ್ತದ ಮಣ್ಣು ಅಜೈವಿಕ, ಅದನ್ನು ಕಟ್ಟಿದ ಗೆದ್ದಲು ಜೈವಿಕ.

ಶುದ್ಧೀಕರಿಸಿದ ನೀರು ಬರುವ ಕೆರೆಗಳಿಗೆ

2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಎರಡು ಹಂತ ಶುದ್ಧೀಕರಿಸಿದ ಬೆಂಗಳೂರಿನ ಕೊಳಚೆ ನೀರು ಕೋಲಾರದ ಹಲವು ಕೆರೆಗಳಿಗೆ ಬರುತ್ತಿದೆ. ನಿಮ್ಮ ಕೆರೆ ಆ ಸಾಲಿನಲ್ಲಿದ್ದರೆ ಅದನ್ನು ಮಳೆ ನೀರಿನ ಕೆರೆಯ ಜೊತೆ ನೇರವಾಗಿ ಹೋಲಿಸಬೇಡಿ. ಅಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುವುದರಿಂದ ಒಣ ಋತು ಎಂಬುದೇ ಇರುವುದಿಲ್ಲ. ಎರಡು ಹಂತದ ಶುದ್ಧೀಕರಣದಲ್ಲಿ ಸಾರಜನಕ, ರಂಜಕ ಪೂರ್ತಿ ಹೋಗುವುದಿಲ್ಲ, ಅವು ಪಾಚಿಗೆ ಗೊಬ್ಬರ. ಆದ್ದರಿಂದ ನಸುಕಿನ ಆಮ್ಲಜನಕ, ಹೊತ್ತು ಬರೆದ ಪಿಎಚ್ ಅಲ್ಲಿ ಇನ್ನೂ ಮುಖ್ಯ. ನೈಟ್ರೇಟ್, ಫಾಸ್ಫೇಟ್ ಪರೀಕ್ಷೆಗೆ ಮಾದರಿಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಪ್ರಯೋಗಾಲಯಕ್ಕೆ ತಲುಪಿಸಿ. ಕೈಗವಸು ಹಾಕಿ, ಮುಗಿಸಿದ ಮೇಲೆ ಸೋಪಿನಲ್ಲಿ ಕೈಕಾಲು ತೊಳೆಯಿರಿ.

ದಾಖಲೆ ಇಡುವುದು

ಪ್ರತಿ ಪುಟದ ತಲೆಯಲ್ಲಿ ದಿನಾಂಕ, ಹೊತ್ತು, ಜಾಗದ ಅಂಕೆ, ಮೋಡವೋ ಬಿಸಿಲೋ, ಕೊನೆಯ ಮಳೆ ಯಾವಾಗ ಬಂತು ಎಂಬುದು ಇರಲಿ. ತಪ್ಪಾದ ಅಂಕೆಯನ್ನು ರಬ್ಬರಿನಲ್ಲಿ ಅಳಿಸದೆ ಒಂದೇ ಗೆರೆಯಲ್ಲಿ ಹೊಡೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ. ಮೊದಲು ಬರೆದದ್ದೇ ಸರಿಯಿತ್ತು ಎಂದು ಆಮೇಲೆ ಗೊತ್ತಾಗುವುದುಂಟು. ಒಂದು ಪ್ರತಿಯನ್ನು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಡಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಇರಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಗೆ ಇದು ಸೇರಬೇಕಾದ ವಸ್ತು. ಇನ್ನೊಂದು ಪ್ರತಿ ಶಾಲೆಯ ಬೀರುವಿನಲ್ಲಿರಲಿ. ಐದೂ ಜಾಗಗಳಲ್ಲಿ ನಿಂತು ಯಾವ ದಿಕ್ಕಿಗೆ ಫೋಟೊ ತೆಗೆದಿರಿ ಎಂಬುದನ್ನು ಪ್ರತಿಯ ಕೊನೆಯ ಪುಟದಲ್ಲಿ ನಕ್ಷೆ ಬಿಡಿಸಿ ತೋರಿಸಿ. ಮುಂದಿನ ಏಪ್ರಿಲ್‌ನಲ್ಲಿ ಬರುವ ಹುಡುಗ ಹುಡುಗಿಯರು ಬೇರೆಯವರಾಗಿರುತ್ತಾರೆ, ಅವರೂ ಅದೇ ಜಾಗದಲ್ಲಿ ನಿಂತು ಅದೇ ದಿಕ್ಕಿಗೆ ತೆಗೆಯಬೇಕು.